ಪಡುವಣದ ಗಡಗಡಿ

ಮೊನ್ನೆ ಮತ್ತೊಬ್ಬ ಬಂದಿದ್ದ. ಹೆಗಲಿಗೆ ಚೀಲ, ತಲೀ ಮ್ಯಾಲ ಬಿಳೀ ಟೊಪಗಿ, ಸೈಕಲ್ಲು ಬ್ಯಾರೆ. ಬಾಗಲದಾಗ ನಿಂತು, "ಅವ್ವಾರ, ಊರ ಹೊಂಡದ ಸುಧಾರಣಿ ಆಗಿ ಭಾಳ ವರ್ಷ ಆದೂವು. ಅದರಿಂದ ನಿಮ್ಮ ಕೇರಿಗೆ ಏನರ ಉಪಯೋಗ ಆಗೇತೇನ್ರಿ? ನೀವು ಹೇಳಿದ್ದನ್ನ ಮ್ಯಾಲಿನವ್ರಿಗೆ ಮುಟ್ಟಸ್ತೇನಿ" ಅಂದ. ನಾ ಎದ್ದು ಅವನ ಮಾರಿಗೆ ಬಡಿಯೂ ಹಂಗ ಬಾಗಲಾ ಹಾಕಿದೆ.

ನೀ ಹೊಯ್ಕಿನ ಕಣ್ಣ ಮಾಡಕೊಂಡು ನನ್ನ ನೋಡಿದಿ ಶಾರವ್ವಾ. ಈ ಅತ್ತಿಗೆ ತಲಿ ಕೆಟ್ಟೈತಿ ಅಂದಿರಬೇಕು ಮನಸಿನ್ಯಾಗ. ಅನ್ನು, ಅನ್ನು, ಸೊಸಿಯಾದಾಕಿ ಅನ್ನದ ಮತ್ಯಾರ ಅನಬೇಕು? ಆದ್ರ ಬಾಗಲಾ ಯಾಕ ಹಾಕಿದೆ ಅನ್ನೋದನ್ನ ಕೇಳಿ ಆಮ್ಯಾಲ ಅನ್ನು.

ದಿನಾ ಮುಂಜಾನೆ ನೀ ಹೋಗಿ ಕೊಡಾ ಇಟಗೊಂಡು ನಿಂದರ್ತೀಯಲ್ಲ, ಆ ಹೊಂಡದ ಗ್ವಾಡಿ ನಾ ಈ ಮನಿಗೆ ಬಂದಾಗ ಇರಲಿಲ್ಲ. ಹೊಂಡಕ್ಕ ಎರಡೂ ಕಡೆ ಕಲ್ಲಿನ ಮೆಟ್ಟಲ ಇದ್ದೂವು. ಮೂಡಣದ ಮೆಟ್ಟಲ ಊರವರ್ದು, ಪಡುವಣದ್ದು ನಮ್ಮದು. ನೀರು ಮಾತ್ರ ಒಂದ. ಅವರು ಆ ಕಡೆ ಇಳದು ತುಂಬಕೊಳ್ಳೋರು, ನಾವು ಈ ಕಡೆ ಇಳದು ತುಂಬಕೊಳ್ಳೋರು. ನಮ್ಮ ಪಾಲಿಂದು ಒಂದು ಮೂಲಿ, ಪಾಚಿಗಟ್ಟಿದ್ದು ಖರೇ, ಆದ್ರ ಯಾರ ಮುಂದೂ "ಯವ್ವಾ, ಒಂದೀಟು ಹಾಕ್ರಿ" ಅಂತ ನಿಂದ್ರಬೇಕಾಗಿರಲಿಲ್ಲ.

ನಿಂದ್ರಬೇಕಾಗಿರಲಿಲ್ಲ, ಆದ್ರ ನಾರುಹುಣ್ಣು ಬರ್ತಿತ್ತು. ನೀ ಅದನ್ನ ಕಂಡಿಲ್ಲ, ಪುಣ್ಯೇವಂತಿ. ಬ್ಯಾಸಗಿ ಬಂತಂದ್ರ ಹಿಮ್ಮಡದ ಮ್ಯಾಲ ಗುಳ್ಳಿ ಏಳೋದು, ಒಡಿಯೋದು, ಅದರೊಳಗಿಂದ ಬಿಳೀ ದಾರದಂಥಾ ಹುಳ ಹೊರಗ ತಲಿ ಹಾಕೋದು. ಅದನ್ನ ಜಗ್ಗಿದ್ರ ಹರೀತೈತಿ, ಹರದ್ರ ಕಾಲು ಕೊಳೀತೈತಿ. ಕಸಬರಿಗಿ ಕಡ್ಡಿಗೆ ಸುತಗೋತ, ದಿನಾ ಒಂದೀಟು ಒಂದೀಟು ಎಳೀಬೇಕು. ನಿಮ್ಮ ಮಾವ ಮೈಲಾರಪ್ಪ ಬಿತ್ತೋ ದಿನದಾಗ ಹೊಲಕ್ಕ ಹೋಗೋದು ಬಿಟ್ಟು ಕಟ್ಟಿ ಮ್ಯಾಲ ಕಾಲು ಚಾಚಿ ಕುಂತು ಒದರತಿದ್ದ. ಹುಣ್ಣಿನ ಕಾಲು ತಂಪಾಗ್ಲಿ ಅಂತ ಮಂದಿ ಮೆಟ್ಟಲ ಇಳದು ನೀರಾಗ ಇಡೋರು, ಅದ ನೀರ ನಾವು ಕುಡಿಯೋರು, ಮುಂದಿನ ವರ್ಷ ನಮ್ಮ ಕಾಲಾಗ ಅದ ಹುಳ. ಊರವ್ರಿಗೂ ಬರ್ತಿತ್ತು, ಹುಳಕ್ಕೇನು ಮೂಡಣ ಪಡುವಣ ಗೊತ್ತಿತ್ತೇನು?

ಸರಕಾರದವ್ರು ಅದಕ್ಕ ಒಂದು ಉಪಾಯ ಮಾಡಿದ್ರು. ವರ್ಷಾ ಬರೋದು, ಹೊಂಡಕ್ಕ ಕೆಂಪು ಪುಡಿ ಚೆಲ್ಲೋದು, ಹೋಗೋದು. ನೀರು ಒಂದಿನ ಕೆಂಪಗ ಕಾಣತಿತ್ತು, ನಾರು ಮಾತ್ರ ತನ್ನ ಪಾಡಿಗೆ ತಾ ಬರ್ತಿತ್ತು. ಹಿಂಗಿದ್ದಾಗ ಕಚೇರಿಯೊಳಗ ಯಾರಿಗೋ ಅನಸ್ತು, ಈ ಪುಡಿಯಿಂದ ಏನರ ಆತೋ ಇಲ್ಲೋ, ಆಗದಿದ್ರ ಏನು ಮಾಡಬೇಕು ಅಂತ ಮಂದೀನ್ನ ಕೇಳಿ ಬರ್ಲಿ ಅಂತ. ಹಂಗ ಕೇಳಾಕ ಬಂದವನ ಹೆಸರು ಹೂವಪ್ಪ.

ಕರೀ ಕೋಟು, ಕಾಲಾಗ ಬೂಟು, ಕೂದಲಾ ತಿದ್ದಿ ಬಾಚಿದ್ದ. ಮಾಲಿಂಗಪ್ಪಗೌಡ್ರ ಅವನ್ನ ಚಾವಡಿಯೊಳಗ ಇಳಸಿದ್ರು, ಗೌಡ್ರ ಮನೀಂದನ ಊಟ ಹೋತು. ಓಣಿ ಓಣಿ ತಿರಗಿ ಕಡೀಕ ನಮ್ಮ ಕೇರಿಗೆ ಬಂದ. ನಮ್ಮ ಮನಿ ಒಳಗ ಬಗ್ಗಿ ಬಂದು, ನೀರು ಅರಿವ್ಯಾಗ ಸೋಸ್ತೀರೋ ಹ್ಯಾಂಗ ಅಂತ ಗಡಿಗಿ ನೋಡಿದ. ಭಾಳ ಬಿಸಲಿತ್ತು. "ಕುಡಿಯಾಕ ಒಂದೀಟು ನೀರು ಕೊಡ್ರಿ" ಅಂದ.

ಕೋಟಿನವ ನಮ್ಮ ಮನಿಯಾಗ ನೀರು ಕೇಳೋದಂದ್ರೇನು? ತಂಬಿಗಿ ತಿಕ್ಕಿ, ತುಂಬಿ, ಮುಂದ ಹಿಡದೆ. ಅವ ತಂಬಿಗಿ ಹಿಡೀಲಿಲ್ಲ. ಬಗ್ಗಿ ಎರಡೂ ಕೈ ಬೊಗಸಿ ಮಾಡಿ ಬಾಯಿಗೆ ಹಚ್ಚಿ ನಿಂತ, ಮ್ಯಾಲಿಂದ ಹಾಕಲಿ ಅಂತ. ಊರವ ಆಗಿದ್ರ ನಮ್ಮ ನೀರ ಕುಡೀತಿರಲಿಲ್ಲ. ಕುಡಿಯಾಂವ, ಅದೂ ಬೊಗಸಿ ಒಡ್ಡಿ ಕುಡಿಯಾಂವ ಅಂದ್ರ ಹುಟ್ಟಿದಾಗಿಂದ ಹಂಗ ಹಾಕಿಸಿಕೊಂಡು ಬೆಳದಾಂವ. ಸಾಲಿ ಕಲತ್ರೂ ಕೋಟು ಹಾಕಿದ್ರೂ ಕೈ ಮರೆಯೂದಿಲ್ಲ ನೋಡು.

"ತಮ್ಮಾ, ನೀ ನಮ್ಮಾಂವಲ್ಲೇನೋ?" ಅಂದೆ.

ನೀರು ನೆತ್ತಿಗೇರಿ ಕೆಮ್ಮಾಕತ್ತಿದ. ಬಾಗಲಾ ಮುಂದ ಮಾಡಿ ಬಂದು ನೆಲದ ಮ್ಯಾಲ ಕುಂತ. "ಹೌದಕ್ಕಾ. ಹಿರೇಕೆರೂರ ಕಡೆಯವ. ಸಾವಂತ್ರವ್ವನ ಮಗ" ಅಂದ. ಸಾವಂತ್ರವ್ವ! ನನ್ನ ತವರೂ ಅದ ಕಡೆ, ನಮ್ಮವ್ವ ಆಕಿ ಕೂಡಿ ಕಳೇ ತಗದವ್ರು. ಅಯ್ಯ ಶಿವನ, ನಮ್ಮ ಕೇರಿ ಹುಡುಗ ಸರಕಾರದ ಕೋಟು ಹಾಕ್ಯಾನ ಅಂತ ನನಗ ಅಳೂನೂ ಬಂತು, ನಗೂನೂ ಬಂತು. ರೊಟ್ಟಿ ಕಾರಬ್ಯಾಳಿ ಹಾಕಿದೆ, ಎರಡ ದಿನಾ ಹಸದವರಂಗ ತಿಂದ. "ಊರಾಗ ಹೇಳಬ್ಯಾಡ್ರಿ ಅಕ್ಕಾ. ಚಾವಡಿಯೊಳಗ ಇಳದೇನಿ, ಗೊತ್ತಾದ್ರ ನನ್ನ ಹೊರಗ ಹಾಕ್ತಾರ, ಕೆಲಸಾನೂ ಹೋಗ್ತೈತಿ" ಅಂದ. ಹೇಳ್ತೇವೇನು? ಇಡೀ ಕೇರಿ ಬಾಯಿಗೆ ಬೀಗಾ ಹಾಕ್ಕೊಂತು. ಗೌಡ್ರ ಮನಿ ಮುಂದ ಹಾಯೂವಾಗೆಲ್ಲಾ ನಮ್ಮ ನಮ್ಮೊಳಗ ನಗಕೋತ ಹೋಗತಿದ್ವಿ.

ಮರುದಿನ ಕೇರಿ ಹೆಣ್ಣಮಕ್ಕಳನ್ನೆಲ್ಲಾ ಕೂಡಿಸಿ ಹೇಳಿದ. "ಪುಡಿಯಿಂದ ಏನೂ ಆಗೂದಿಲ್ಲ. ಕಾಲು ನೀರಿಗೆ ಇಳಿಯೋದು ತಪ್ಪಬೇಕು. ಮೆಟ್ಟಲ ಮುಚ್ಚಿ, ಸುತ್ತ ಗ್ವಾಡಿ ಕಟ್ಟಿ, ಹಗ್ಗಾ ಹಾಕಿ ಸೇದಾಕ ಗಡಗಡಿ ಕೂಡಸಬೇಕು. ನೀವು ಬಾಯಿ ಬಿಟ್ಟು ಹೇಳಿದ್ರ ನಾ ಬರೀತೇನಿ."

ಬಾಜೂ ಮನಿ ದುರಗವ್ವ ಭಾಳ ಚೂಟಿ. ಆಕಿ ಅಂದ್ಲು, "ಗಡಗಡಿ ಒಂದ, ಹಗ್ಗಾ ಒಂದ ಆದ್ರ ಅದನ್ನ ನಾವು ಮುಟ್ಟಾಕ ಬಿಡ್ತಾರೇನಪಾ? ಮೆಟ್ಟಲಾದ್ರ ಅವರ್ದು ಅವರಿಗೆ, ನಮ್ಮದು ನಮಗ."

"ಒಂದಲ್ಲ ಯವ್ವಾ, ಎರಡು. ಮೂಡಣಕ್ಕೊಂದು, ಪಡುವಣಕ್ಕೊಂದು. ಪಡುವಣದ ಗಡಗಡಿ ಕೂಡಸಿದ ಮ್ಯಾಲನ ನಿಮ್ಮ ಮೆಟ್ಟಲ ಮುಚ್ಚಬೇಕು, ಅಲ್ಲೀತನಕಾ ಕಲ್ಲ ಮುಟ್ಟಬಾರದು ಅಂತ ಬರೀತೇನಿ." ಆಮ್ಯಾಲ ನನ್ನ ಕಡೆ ತಿರಗಿ ನಕ್ಕ. "ಮೊದಲನೇ ಕೊಡಾ ನಾನ ಸೇದಿ ನಿನ್ನ ತಲೀ ಮ್ಯಾಲ ಇಡ್ತೇನಿ ಅಡಿವೆಕ್ಕಾ. ಎಲ್ಲಾರ ಮುಂದ."

ಆ ಮಾತಿಗೆ ಸೋತೆ ನೋಡು. ದುರಗವ್ವ ಒಲ್ಲೆ ಅಂದ್ಲು, ಮುದುಕ್ಯಾರು ಒಲ್ಲೆವು ಅಂದ್ರು. ನಾನ ಮನಿ ಮನಿಗೆ ಹೋಗಿ, ಕಾಲು ಹಿಡಿಯೋರದು ಕಾಲು ಹಿಡದು, ಬೈಯೋರನ್ನ ಬೈದು, ಎಲ್ಲಾರನ್ನೂ ಎಬ್ಬಿಸಿಕೊಂಡು ಚಾವಡಿ ಮುಂದ ಒಯ್ದು ನಿಂದರಿಸಿದೆ. ಗೌಡ್ರ ಮುಂದ, ಪಂಚರ ಮುಂದ, ನಾವ ನಮ್ಮ ಬಾಯಿಲೆ "ಮೆಟ್ಟಲ ಮುಚ್ಚಿಸ್ರಿ, ಗಡಗಡಿ ಕೂಡಿಸ್ರಿ" ಅಂದ್ವಿ. ಹೂವಪ್ಪ ತಲಿ ಎತ್ತದ ಬರಕೊಂಡ.

ಅವ ಬರದದ್ದು ಖರೇ. ಅದರೊಳಗ ನಾ ಸುಳ್ಳು ಹೇಳಾಂಗಿಲ್ಲ, ಗ್ವಾಡಿ, ನಮ್ಮ ಗಡಗಡಿ, ಎರಡೂ ಬರದಿದ್ದ.

ಮಳಿಗಾಲ ಮುಗಿದ ಮ್ಯಾಲ ಗೌಂಡ್ಯಾರು ಬಂದ್ರು. ಸುಣ್ಣಾ ಅರದ್ರು, ಕಲ್ಲ ತಂದ್ರು. ಮೂಡಣದ ಮೆಟ್ಟಲ ಮುಚ್ಚಿ ಗ್ವಾಡಿ ಎಬ್ಬಿಸಿ, ಅದರ ಮ್ಯಾಲ ಕಬ್ಬಣದ ಗಡಗಡಿ ಕೂಡಿಸಿದ್ರು, ಬಿಸಲಾಗ ಥಳಥಳ ಹೊಳಿತಿತ್ತು. ನಾವು ಈ ಕಡೆ ನಿಂತು ಚಪ್ಪಾಳಿ ಹೊಡದ್ವಿ, ನಮಗ ಬುದ್ಧಿ ಎಲ್ಲಿತ್ತು? ಮರುದಿನ ನಮ್ಮ ಕಡೆ ಬಂದ್ರು. ಮೆಟ್ಟಲ ಮುಚ್ಚಿದ್ರು, ಗ್ವಾಡಿ ಎದಿ ಮಟಾ ಎಬ್ಬಿಸಿದ್ರು, ಹಾರಿ ಪುಟ್ಟಿ ಎತ್ತಿಕೊಂಡು ಹೊಂಟಬಿಟ್ರು.

"ಎಪ್ಪಾ, ನಮ್ಮ ಗಡಗಡಿ?" ಅಂತ ಗೌಂಡ್ಯಾನ ಬೆನ್ನ ಹತ್ತಿದೆ. ಅವ ಗೌಡ್ರನ್ನ ತೋರಸಿದ. ಮಾಲಿಂಗಪ್ಪಗೌಡ್ರು ಕಟ್ಟಿ ಮ್ಯಾಲ ಕುಂತು ಎಲಿ ಅಡಿಕಿ ಹಾಕ್ಕೋಳಾಕತ್ತಿದ್ರು.

"ಎರಡನೇದಕ್ಕ ಪಂಚರು ಒಪ್ಪಲಿಲ್ಲವಾ" ಅಂದ್ರು, ಸಮಾಧಾನಲೆ. "ಒಂದು ಹೊಂಡಕ್ಕ ಎರಡು ಗಡಗಡಿ ಎಲ್ಲಿ ಪದ್ಧತಿ? ಸಾಹೇಬ್ರು ಕೇಳಿದ್ರು, ನಾವು ಬ್ಯಾಡ ಅಂದ್ವಿ, ಅವರೂ ಬಿಟ್ರು. ಮೆಟ್ಟಲ ಮುಚ್ಚಿಸ್ರಿ ಅಂತ ನೀವ ಚಾವಡಿಗೆ ಬಂದು ಹೇಳಿದ್ರಲ್ಲ. ನೀವು ಹೇಳಿದ್ದನ್ನ ಮಾಡೇವಿ. ಮತ್ತೇನು?"

ಮತ್ತೇನು! ನಾವ ಹೇಳಿದ್ದು, ನಮ್ಮ ಬಾಯಿಲೆ ಹೇಳಿದ್ದು, ಅದರಾಗ ಅರ್ಧಾ ಹರಕೊಂಡು ನಮ್ಮ ಕುತಿಗಿಗೇ ಕಟ್ಟಿದ್ರು.

ಅವತ್ತಿನಿಂದ ಸುರು ಆತು ನಿಂದ್ರೋದು. ಮೂಡಣದ ಹಗ್ಗಾ ಮುಟ್ಟಾಂಗಿಲ್ಲ, ಗ್ವಾಡಿ ಮ್ಯಾಲಿಂದ ನಮ್ಮ ಹಗ್ಗಾ ಇಳಿಬಿಡಾಂಗಿಲ್ಲ. ಪಡುವಣದ ಗ್ವಾಡಿ ಬಾಜೂಕ ಕೊಡಾ ಸಾಲಾಗಿ ಇಡಬೇಕು, ದೂರ ಸರೀಬೇಕು. ಸುಶೀಲವ್ವ ಗೌಡಸಾನಿಗೆ ಪುರಸೊತ್ತಾಗಿ, ಮನಸ್ಸಾಗಿ, ಕರುಣಾ ಬಂದು, ಎತ್ತಿ ಹಾಕಿದ್ರ ನೀರು, ಇಲ್ಲಂದ್ರ ಹಳ್ಳಕ್ಕ ಹೋಗಿ ಉಸುಕು ತೋಡಿ ವರತಿ ನೀರು. ದುರಗವ್ವ ನನ್ನ ಜೋಡಿ ಮಾತ ಬಿಟ್ಲು. ಮುದುಕ್ಯಾರು ನಾ ಹಾದ್ರ ಸಾಕು, "ಬಂದ್ಲು ನೋಡು ಗಡಗಡಿ ಅಡಿವೆವ್ವ" ಅನ್ನೋರು. ನಾ ಏನ ಸುಳ್ಳು ಹೇಳಿದ್ದೆ? ಯಾರಿಗೆ ಮೋಸಾ ಮಾಡಿದ್ದೆ? ಖರೇ ಹೇಳಿದ್ದಕ್ಕ ಹೆಸರು ಕೆಡಿಸಿಕೊಂಡೆ, ಅಷ್ಟ.

ಆದ್ರ ನಾರು ಹೋತು. ಅದನ್ನೂ ಹೇಳಬೇಕಲ್ಲ? ಒಂದು ಬ್ಯಾಸಗಿ ಬಿಟ್ಟು ಮುಂದಿನ ಬ್ಯಾಸಗಿಗೆ ಮೈಲಾರಪ್ಪನ ಕಾಲಾಗ ಗುಳ್ಳಿ ಏಳಲಿಲ್ಲ. ಊರವ್ರಿಗೂ ಇಲ್ಲ, ನಮಗೂ ಇಲ್ಲ. ನಿಮ್ಮ ಮಾವ ಕುಂಟದ ನಡಕೋತ ಹೊಲಕ್ಕ ಹೋಗೋದನ್ನ ನೋಡಿ ನಾ ಬಾಗಲದಾಗ ನಿಂತು ಕಣ್ಣೀರು ಹಾಕಿದೆ. ಕಾಲು ಹಸನಾಗಿದ್ದಕ್ಕ ಖುಷಿ, ಕೊಡಾ ಹಿಡಕೊಂಡು ನಿಂದ್ರೋದಕ್ಕ ಸಿಟ್ಟು, ಎರಡೂ ಕೂಡೇ ಬರ್ತಿದ್ದೂವು.

ಆಗ ಹೂವಪ್ಪ ಮತ್ತ ಬಂದ. ಗ್ವಾಡಿ ಕಟ್ಟಿಸಿದ್ದು ಉಪಯೋಗಾತೋ ಇಲ್ಲೋ ನೋಡಾಕ. ಕೋಟು ಹೊಸಾದಿತ್ತು, ಕೆನ್ನಿ ತುಂಬಿದ್ದೂವು. ನನ್ನ ಜೀವಕ್ಕ ಜೀವ ಬಂದಂಗಾತು. ಇನ್ನ ಗೌಡ್ರ ಆಟಾ ನಡಿಯೂದಿಲ್ಲ, ನಮ್ಮ ಹುಡುಗ ಬಂದ ಅಂದೆ. ಚಾವಡಿಯೊಳಗಿಂದ ನನಗ ಕರಿ ಬಂತು. ಓಡಿಕೋತ ಹೋಗಿ ಅಂಗಳದಾಗ ನಿಂತೆ. ಗೌಡ್ರು ಪಂಚರು ಮ್ಯಾಲ ಕುಂತಿದ್ರು.

"ನಿಮ್ಮ ಮನಿಯಾಗ ಈ ವರ್ಷ ಯಾರಿಗರ ನಾರು ಬಂತೇನು?" ಅಂದ.

"ಇಲ್ಲರಿ. ಆದ್ರ ನೀರಿಗೆ..."

"ಸಾಕು" ಅಂದ. "ಮುಂದಿನವ್ರನ್ನ ಕರೀರಿ."

ಸಾಕು! ನನ್ನ ರೊಟ್ಟಿ ತಿಂದ ಬಾಯಿ ಅದು. ಮೈ ಎಲ್ಲಾ ಉರಿ ಹತ್ತಿತು. ಅವ ಚಾವಡಿ ಬಿಟ್ಟು ಹಿತ್ತಲ ಕಡೆ ಬಂದಾಗ ಬೇಲಿ ಮರಿಗೆ ಹಿಡದು ನಿಂದರಿಸಿದೆ.

"ಏನೋ ತಮ್ಮಾ, ಏನ ಸಾಕು? ಹುಳದ ಲೆಕ್ಕಾ ಕೇಳಿದಿ, ನೀರಿನ ಮಾತು ಯಾಕ ಕೇಳಲಿಲ್ಲ?"

ಸುತ್ತಲೂ ನೋಡಿ, ಸಣ್ಣ ದನಿ ಮಾಡಿ ಅಂದ, "ಅಕ್ಕಾ, ನಾ ಎರಡೂ ಬರದಿದ್ದೆ, ನಿನ್ನಾಣಿ. ನಾವು ಬರೀತೇವಿ, ಮ್ಯಾಲಿನವ್ರು ತಮಗ ಸಲೀಸಾಗಿದ್ದನ್ನ ತಗೋತಾರ. ಗ್ವಾಡಿ ಕಟ್ಟಿದ್ರ ಯಾರೂ ಜಗಳಾಡೂದಿಲ್ಲ. ಎರಡನೇ ಗಡಗಡಿಗೆ ಪಂಚರು ಜಗಳಾಡ್ತಾರ, ಅದಕ್ಕ ಬಿಟ್ರು. ಈಗ ನಾ ಇದು ಕೆಟ್ಟಾತು ಅಂದ್ರ ಶಿಗ್ಗಾಂವಿ ಕಡೆ ತಡಸ, ಸವಣೂರ ಕಡೆ ಹತ್ತಿಮತ್ತೂರು, ಅಲ್ಲಿ ಹೊಂಡಕ್ಕ ಗ್ವಾಡೀನೂ ಕಟ್ಟೂದಿಲ್ಲ. ಅಲ್ಲೂ ಮಂದಿ ಕಾಲು ಕೊಳ್ಯಾಕತ್ತಾವು."

"ಹಂಗಾರ ಅಲ್ಲೂ ನಮ್ಮವ್ರನ್ನ ಗ್ವಾಡಿ ಆಚಿ ನಿಂದರಸ್ತಾರ, ಅಲ್ಲೇನೋ? ನಮ್ಮ ಮಾತು ಅವರಿಗೆ ಬೇಕಾದಷ್ಟ ಉಪಯೋಗ ಆಗೂದಾದ್ರ ನಮ್ಮನ್ನ ಕೇಳಾಕ ಯಾಕ ಬರ್ತೀರಿ?"

ಅವನ ಕಣ್ಣಾಗ ನೀರು ಬಂದಿತ್ತು, ನಾ ಕಂಡೇನಿ. ಆಮ್ಯಾಲ ಅಂದ, "ನಾಳೆ ಮುಂಜಾನೆ ದೊಡ್ಡ ಸಾಹೇಬ್ರು ಹೊಂಡ ನೋಡಾಕ ಬರ್ತಾರ. ಹೆಣ್ಣಮಕ್ಕಳನ್ನೆಲ್ಲಾ ಖಾಲಿ ಕೊಡಾ ಹಿಡಿಸಿಕೊಂಡು ಬಂದು ನಿಂದ್ರು. ಸಾಹೇಬ್ರು ಕಣ್ಣಾರೆ ನೋಡ್ಲಿ. ಅವರು ಕೇಳೇ ಕೇಳ್ತಾರ, ಆಗ ನಾ ಹೇಳ್ತೇನಿ. ಅವರು ಒಂದ ಮಾತು ಹೇಳಿದ್ರ ಗೌಡ್ರು ಇಲ್ಲ ಅನ್ನಾಂಗಿಲ್ಲ."

ನಂಬಿದೆ ಶಾರವ್ವಾ. ಎರಡನೇ ಸಲಾನೂ ನಂಬಿದೆ. ಮತ್ತ ಮನಿ ಮನಿಗೆ ಹೋದೆ. ದುರಗವ್ವ ಕೈ ಮುಗದ್ಲು, "ನಿನ್ನ ಕಾಲ ಬೀಳ್ತೇನಿ ಅಡಿವೆವ್ವಾ, ನನ್ನ ಬಿಟ್ಟುಬಿಡು" ಅಂದ್ಲು. ನಾ ಬಿಡಲಿಲ್ಲ. "ನಮ್ಮ ಹುಡುಗ ಅವ. ಈ ಸಲ ಹೇಳ್ದಿದ್ರ ನಾ ಕೇರಿ ಬಿಟ್ಟು ಹೋಗ್ತೇನಿ" ಅಂದೆ. ಆಕೀನೂ ಕೊಡಾ ಹಿಡಕೊಂಡು ಬಂದ್ಲು.

ಸಾಹೇಬ್ರು ಬಂದ್ರು. ಮರಾಠಿ ಮಂದಿ, ಒಳ್ಳೇ ಮನಷ್ಯಾನ ಇದ್ದಂಗಿದ್ರು, ಕನ್ನಡ ತಡವರಿಸಿ ಮಾತಾಡತಿದ್ರು. ಗ್ವಾಡಿ ಮುಟ್ಟಿ ನೋಡಿದ್ರು. ಗಡಗಡಿ ಬರೋಬ್ಬರಿ ನಡೀತೈತೇನು ಅಂತ ಕೇಳಿದ್ರು. ಗೌಡ್ರು ಹೂವಪ್ಪನ ಕೈಯಾಗ ಹಗ್ಗಾ ಕೊಟ್ಟು, "ನೀವ ಸೇದಿ ತೋರಸ್ರಿ ರಾವಸಾಹೇಬ್ರ, ನಿಮ್ಮ ಪುಣ್ಯದಿಂದ ಆಗಿದ್ದು" ಅಂದ್ರು.

ಅವ ಹಗ್ಗಾ ಹಿಡದ. ನಮ್ಮ ಸಾವಂತ್ರವ್ವನ ಮಗ ಊರ ಹಗ್ಗಾ ಹಿಡದು, ನಮ್ಮ ಕಣ್ಣ ಮುಂದ, ಗರಗರ ಕೊಡಾ ಸೇದಿದ. ಈ ಕಡೆ ಹೆಣ್ಣಮಕ್ಕಳು ಖಾಲಿ ಕೊಡಾ ಹಿಡಕೊಂಡು ನೋಡಾಕತ್ತಿದ್ರು. ಸುಶೀಲವ್ವ ಗೌಡಸಾನಿ ಅವನ ಮುಂದ ಬೆಳ್ಳಿ ತಂಬಿಗಿ ಹಿಡದ್ಲು. ಅವ ಬೊಗಸಿ ಒಡ್ಡಲಿಲ್ಲ. ತಂಬಿಗಿ ಹಿಡದು ಎತ್ತಿ ಕುಡದ, ಊರವರಂಗನ. ಕಲತಬಿಟ್ಟಿದ್ದ.

ಆಗ ಸಾಹೇಬ್ರು ನಮ್ಮ ಕಡೆ ನೋಡಿದ್ರು. "ಇವರು ಯಾಕ ಹೊರಗ ನಿಂತಾರ?"

"ಅವರಿಗೆ ನಮ್ಮ ಮನ್ಯಾಗಿನವ್ರ ಎತ್ತಿ ಹಾಕ್ತಾರ್ರಿ. ಏನೂ ಕೊರತಿ ಇಲ್ಲ" ಅಂದ್ರು ಗೌಡ್ರು.

ಸಾಹೇಬ್ರು ಹೂವಪ್ಪನ ಕಡೆ ತಿರಗಿದ್ರು. "ನೀವು ಮೊದಲ ಬರದಿದ್ರಿ ಅಲ್ಲ? ಈ ಬಾಜೂ ಇನ್ನೊಂದು ಗಡಗಡಿ ಪಾಹಿಜೆ ಅಂತ. ಏನು, ಬೇಕೋ? ಬೇಕಂದ್ರ ಈ ತಿಂಗಳದಾಗ ಕೂಡಸೂಣು."

ಕೇಳಿದ್ರು ಶಾರವ್ವಾ! ಆ ಮನಷ್ಯಾ ತಾನಾಗಿ ಬಾಯಿ ಬಿಟ್ಟು ಕೇಳಿದ. "ಬೇಕು" ಅನ್ನಬೇಕಿತ್ತು ಅವ, ಅಷ್ಟ. ಗೌಡ್ರು ಹೂವಪ್ಪನ ಮಾರಿ ನೋಡಾಕತ್ತಿದ್ರು, ಪಂಚರು ನೋಡಾಕತ್ತಿದ್ರು. ಈ ಮಂದಿ ಪರವಾಗಿ ಇವನಿಗ್ಯಾಕ ಇಷ್ಟು ಕಾಳಜಿ, ಇವ ಯಾರ ಪೈಕಿ ಅಂತ ಕೇಳತಾರ ಅನ್ನೋ ಅಂಜಿಕಿ ಅವನ ಮಾರಿ ಮ್ಯಾಲ ಎದ್ದು ಕಾಣತಿತ್ತು. ಕೈಯಾಗ ಇನ್ನೂ ಆ ಹಗ್ಗಾ ಇತ್ತು.

"ಆಗ ಅನಿಸಿತ್ತರಿ ಸಾಹೇಬ್ರ" ಅಂದ. "ಈಗ ನೋಡಿದ್ರ ಬೇಕಾಗಿಲ್ಲ. ವ್ಯವಸ್ಥಾ ಚಲೋ ಆಗೇತಿ."

ನನಗ ಗೊತ್ತಿಲ್ಲದ ಬಾಯಿಂದ ಬಂದಬಿಡ್ತು, "ತಮ್ಮಾ! ಮೊದಲನೇ ಕೊಡಾ ನನ್ನ ತಲೀ ಮ್ಯಾಲ ಇಡ್ತೇನಿ ಅಂದಿದ್ದಿಯಲ್ಲೋ!"

ಎಲ್ಲಾರೂ ತಿರಗಿದ್ರು. ಹೂವಪ್ಪ ನನ್ನ ಮಾರಿ ನೋಡಿದ. ನೆಟ್ಟಗ ನೋಡಿದ, ನೋಡಲಿಲ್ಲ ಅನ್ನಾಂಗಿಲ್ಲ. ಆಮ್ಯಾಲ ಗೌಡ್ರ ಕಡೆ ತಿರಗಿ ಕೇಳಿದ:

"ಯಾರ್ರಿ ಈಕಿ?"

ಒಂದ ಮಾತು ಇತ್ತು ನನ್ನ ಬಾಯಾಗ. ಇವ ನಮ್ಮಾಂವ ಅಂತ ಒಂದ ಮಾತು. ಅಂದಿದ್ರ ಆ ಹಗ್ಗಾ ಸುಟ್ಟು, ಹೊಂಡ ತೊಳದು, ಅವನ್ನ ಅಲ್ಲೇ ಹೂಳತಿದ್ರು. ನಾಲಿಗಿ ತುದಿಗೆ ಬಂದಿತ್ತು. ಬಾಜೂಕ ನಿಂತ ದುರಗವ್ವ ನನ್ನ ಸೀರಿ ಸೆರಗು ಗಟ್ಟ್ಯಾಗಿ ಹಿಡದ್ಲು. ಅವನ ಮ್ಯಾಲ ಬಿದ್ದ ಏಟು ಸಂಜೀಕ ಕೇರಿ ಮ್ಯಾಲ ಬೀಳತೈತಿ ಅಂತ ಆಕಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ನಾವು ಹೇಳೂದಿಲ್ಲ ಅನ್ನೋದನ್ನ ನಂಬೇ ಅವ ಆ ಮಾತು ಅಂದಿದ್ದ.

"ಯಾರೂ ಅಲ್ಲರಿ" ಅಂದೆ. "ನೀರಿಗೆ ಬಂದಾಕಿ."

ಸಾಹೇಬ್ರು ಟಾಂಗಾ ಹತ್ತಿದ್ರು. ಹೂವಪ್ಪ ಹಿಂದಿನ ಪಾಟಿ ಮ್ಯಾಲ ಕುಂತ, ಆಡೂರ ಹಾದಿ ತಿರಗೂತನಕಾ ಹೊಳ್ಳಿ ನೋಡಲಿಲ್ಲ. ಅವ ಸೇದಿಟ್ಟ ಕೊಡಾ ಗ್ವಾಡಿ ಮ್ಯಾಲ ಹಂಗ ಇತ್ತು. ಸುಶೀಲವ್ವ ಗೌಡಸಾನಿ ಅದನ್ನ ಎತ್ತಿ, ಸೀರಿ ಮುದುಡಿಕೊಂಡು, ಮ್ಯಾಲಿಂದ ನನ್ನ ಕೊಡಕ್ಕ ಹಾಕಿದ್ಲು. ಅರ್ಧಾ ಒಳಗ, ಅರ್ಧಾ ಹೊರಗ. ದುರಗವ್ವ ಬೈತಾಳ ಅನಕೊಂಡಿದ್ದೆ. ಬೈಲಿಲ್ಲ. ಸಿಂಬಿ ಸರಿ ಮಾಡಿ ಕೊಡಾ ನನ್ನ ತಲೀ ಮ್ಯಾಲ ಆಕೀನ ಇಟ್ಲು.

ಮನಿಗೆ ಬಂದೆ. ಮೈಲಾರಪ್ಪ ಹೊಲದಿಂದ ಬಂದು ಕಟ್ಟಿ ಮ್ಯಾಲ ಕುಂತಿದ್ದ, ಹಸನಾದ ಕಾಲು ಇಳಿಬಿಟಗೊಂಡು. ಕೊಡಾ ಇಳಸೂದ ತಡಾ, ತಂಬಿಗಿ ಅದ್ದಿ ಗಟಗಟ ಕುಡದ.

"ನೀರು ತಂಪೈತಿ" ಅಂದ. "ಹೋಗಿದ್ದ ಕೆಲಸಾ ಏನಾತು? ಹೂವಪ್ಪ ಏನಂದ?"

"ಯಾವ ಹೂವಪ್ಪ?" ಅಂದೆ.